ಬೆಂಚಿಗೆ ಎರಡು ಏಟು

ಕಂಡಕ್ಟರು ಹುಟ್ಟಿದ ದಿನಾಂಕ ನನಗೆ ಮೂರು ಕಡೆ ಸಿಕ್ಕಿದೆ. ಮೂರೂ ಬೇರೆ ಬೇರೆ. ಶಾಲೆಯ ವರ್ಗಾವಣೆ ಪತ್ರದಲ್ಲಿರುವುದು ಹೆಡ್‌ಮಾಸ್ತರರು ಅಂದಾಜಿನ ಮೇಲೆ ಬರೆದುಕೊಂಡದ್ದು. ಸೇವಾ ಪುಸ್ತಕದಲ್ಲಿರುವುದು ಅದರ ನಕಲು. ಗುಮಾಸ್ತರ ಕೈಯಲ್ಲಿ ತಿಂಗಳು ಬದಲಾಗಿದೆ. ಮೂರನೆಯದು ಅವರ ಹೆಂಡತಿ ಹೇಳಿದ್ದು: “ಆಲೆಮನೆ ಊಡಿದ್ ವಾರ ಉಟ್ದ ಅಂತ ನಮ್ಮತ್ತೆ ಯೋಳೋರು. ಯಾವ್ ವರ್ಸ ಅಂತ ಅವ್ರನ್ನೇ ಕೇಳ್ಬೇಕು. ಅವ್ರೆಲ್ಲವ್ರೆ ಈಗ?”

ಕಬ್ಬಿನ ಗಾಣ ಹೂಡಿದ ವಾರವೆಂಬುದು ದಿನಾಂಕವಲ್ಲ. ಆದರೂ ಮೂರರಲ್ಲಿ ಹೆಚ್ಚು ನಂಬತಕ್ಕದ್ದು ಇದೇ ಎಂದು, ಜೀವಮಾನವೆಲ್ಲ ದಾಖಲೆಗಳೊಡನೆ ಕಳೆದ ನನಗೆ ಅನ್ನಿಸುತ್ತದೆ.

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಯುವಜನರಿಗಾಗಿ ಸಂವಾದ ಮತ್ತು ಚರ್ಚೆಯ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದ ಸಮಿತಿಯವರು ಅವರ ಬಗ್ಗೆ ಒಂದು ಪುಟ ಬರೆದುಕೊಡುವಂತೆ ಕೇಳಿದ್ದಾರೆ. ಜನನ, ವಿದ್ಯಾಭ್ಯಾಸ, ಸೇವೆ, ನಿಧನ ಎಂದು ನಾಲ್ಕು ಸಾಲುಗಳ ನಮೂನೆಯನ್ನೂ ಕಳಿಸಿದ್ದಾರೆ. ಹದಿನೈದು ದಿನ ಓಡಾಡಿದ ಮೇಲೆ, ನಾನು ಸಹಿ ಹಾಕಿ ಹೇಳಬಲ್ಲದ್ದು ನಾಲ್ಕನೆಯ ಸಾಲೊಂದನ್ನೇ. ಆ ದಿನ ನಾನು ಅಲ್ಲಿದ್ದೆ. ಉಳಿದ ಮೂರಕ್ಕೆ ಇನ್ನು ಅಲೆಯುವ ಶಕ್ತಿಯಿಲ್ಲ. ಆದ್ದರಿಂದ ನಮೂನೆಯನ್ನು ಪಕ್ಕಕ್ಕಿಟ್ಟು, ಕಂಡದ್ದನ್ನು ಬರೆಯುತ್ತೇನೆ.

ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಸೇವೆಯ ಬಹುಪಾಲು ನಂಜನಗೂಡು–ನರಸೀಪುರದ ಸುತ್ತಲಿನ ಹಳ್ಳಿಗಳ ದಾರಿಯಲ್ಲೇ ಕಳೆಯಿತು. ನಿವೃತ್ತರಾದ ಮೇಲೂ ಎಲ್ಲರೂ ಅವರನ್ನು ಕಂಡಕ್ಟರು ಎಂದೇ ಕರೆಯುತ್ತಿದ್ದರು. ಹುಡುಗ ಹುಡುಗಿಯರಿಗೆ ‘ಕಂಡಕ್ಟ್ರು ಮಾವ’.

ಅವರನ್ನು ನಾನು ಮೊದಲು ಕಂಡದ್ದು ನಂಜನಗೂಡಿನಲ್ಲಿ, ಕಾರ್ಯಕ್ರಮದ ಮೊದಲ ಸಭೆಯಲ್ಲಿ. ಸಂಶೋಧನಾ ಸಂಸ್ಥೆಯಿಂದ ನಿವೃತ್ತನಾಗಿ ಊರಿಗೆ ಬಂದಿದ್ದ ನನ್ನನ್ನು ಸಮಿತಿಯವರು ಪರಿಶೀಲಕನಾಗಿ ಸೇರಿಸಿಕೊಂಡಿದ್ದರು. ಚರ್ಚೆಯಲ್ಲಿ ಮಕ್ಕಳು ಹೇಳುವ ಇಸವಿ, ಹೆಸರು, ಸಂಗತಿಗಳು ಸರಿಯೇ ಎಂದು ನೋಡುವುದು ನನ್ನ ಕೆಲಸ. ತಿಂಗಳಿಗೊಂದು ಭಾನುವಾರ, ಒಮ್ಮೆ ನಂಜನಗೂಡು, ಒಮ್ಮೆ ನರಸೀಪುರ, ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಎಂದು ಅಧ್ಯಕ್ಷರು ಓದುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ಒಬ್ಬರು ಕೈ ಎತ್ತಿದರು.

“ಆರ್ ಗಂಟೆಗ್ ಬುಟ್ರೆ ದೇವನೂರ್ ಕಡೆ ಎಣ್ಮಕ್ಳು ಎಂಗ್ ಓಗ್ತರೆ ಸಾ? ಬಸ್ಸು ಐದೂಕಾಲ್ಗೇ ಒಂಟೋಯ್ತದೆ.”

“ಮುಂದಿನ ಬಸ್ಸಿಗೆ ಹೋಗಲಿ.”

“ಮುಂದಿನ್ ಬಸ್ಸು ನಾಳೆ ಬೆಳಗ್ಗೆ ಸಾ.”

ಸಭೆ ನಕ್ಕಿತು. ಅವರು ನಗಲಿಲ್ಲ. ಅಂದಿನಿಂದ ನಮ್ಮ ಚರ್ಚೆಗಳು ಬೆಳಗ್ಗೆ ಶುರುವಾಗಿ ಬಸ್ಸಿನ ಹೊತ್ತಿಗೆ ಮುಗಿಯತೊಡಗಿದವು, ಅವರು ನಮ್ಮವರಾದರು. ಯಾರೂ ಅವರನ್ನು ನೇಮಿಸಲಿಲ್ಲ. ಸಮಿತಿಯ ನಡಾವಳಿ ಪುಸ್ತಕವನ್ನು ಎರಡು ಸಲ ತಿರುವಿದ್ದೇನೆ. ಅವರ ಹೆಸರು ಎಲ್ಲಿಯೂ ಇಲ್ಲ.

ಮಕ್ಕಳನ್ನು ಕರೆತಂದವರು ಅವರೇ. ನಾವು ಕಾಲೇಜುಗಳಿಗೆ ಸುತ್ತೋಲೆ ಕಳಿಸಿ ಕಾಯುತ್ತಿದ್ದಾಗ, ಅವರು ತಮ್ಮ ಹಳೆಯ ದಾರಿಯ ನಿಲ್ದಾಣಗಳಲ್ಲಿ ಇಳಿದು ಮನೆಗಳಿಗೆ ಹೋಗಿದ್ದರು. ಯಾರು ಚೆನ್ನಾಗಿ ಮಾತನಾಡುತ್ತಾರೆಂದು ಹೇಗೆ ಗೊತ್ತು ಎಂದು ಕೇಳಿದೆ.

“ಪಾಸ್ ತೋರ್ಸು ಅಂದಾಗ ಎದುರ್ ಮಾತಾಡಿದ್ ಐಕ್ಳೆಲ್ಲ ನಂಗ್ ಗೊತ್ತು ಸಾ. ತಾಂಡವಪುರದಲ್ಲೊಬ್ಬ ಅವ್ನೆ. ‘ನೀವು ಸ್ಟಾಪಲ್ಲಿ ಬಸ್ ನಿಲ್ಸಿದ್ ದಿನ ಪಾಸ್ ತೋರುಸ್ತೀನಿ, ನಿಲ್ಸ್‌ದೆ ಓದ್ ದಿನದ್ ಲೆಕ್ಕ ಯಾರ್ ಕೊಡ್ತರೆ’ ಅಂದ್ಬುಟ್ಟ. ಅವತ್ತು ಅವುನ್ಗೆ ಬಯ್ದೆ. ರಾತ್ರಿ ಉಣ್ಣಕ್ ಕುಂತಾಗ ಅನ್ನುಸ್ತು, ಸರ್ಯಾಗೇ ಕೇಳವ್ನಲ್ಲ ಅಂತ.”

ಆ ತಾಂಡವಪುರದವನು ನಮ್ಮಲ್ಲಿ ಮೂರು ವರ್ಷ ಮಾತನಾಡಿದ.

ಅವರು ಸಭೆಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಕೊನೆಯ ಬೆಂಚಿನ ಹಿಂದೆ ಕಾಲು ಕೊಂಚ ಅಗಲಿಸಿ ನಿಲ್ಲುತ್ತಿದ್ದರು. ಮಾತು ಬಿರುಸಾದಾಗ ಅವರ ಬಲಗೈ ತಾನಾಗಿ ಮೇಲೇರಿ, ಅಲ್ಲಿಲ್ಲದ ಕಂಬಿಯೊಂದನ್ನು ಹಿಡಿದುಕೊಳ್ಳುತ್ತಿತ್ತು. ಹಿಂದಿನವರಿಗೆ ಕೇಳಿಸದಿದ್ದರೆ, “ಮಾತು ಮುಂದ್ಗಡೇನೇ ನಿಂತೋಯ್ತದೆ ಮಗ, ಒಳೀಕ್ ತಳ್ಳು, ಒಳೀಕೆ” ಎನ್ನುತ್ತಿದ್ದರು. ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಈ ದನಿ ಗೊತ್ತು.

ನಮ್ಮ ಚರ್ಚೆಗೆ ಒಂದು ನಿಯಮವನ್ನು ತಂದವರೂ ಅವರೇ. ಎದುರಿನವರ ವಾದಕ್ಕೆ ಉತ್ತರ ಕೊಡುವ ಮೊದಲು, ಎದ್ದು ಹೋಗಿ ಅವರ ಬೆಂಚಿನಲ್ಲಿ ಕುಳಿತು, ಅವರು ಹೇಳಿದ್ದನ್ನು ಅವರ ಪರವಾಗಿಯೇ ಹೇಳಬೇಕು. ತಪ್ಪಿದರೆ ಮಾತಿನ ಒಡೆಯರು ಬೆಂಚಿಗೆ ಒಂದು ಏಟು ಹಾಕುತ್ತಾರೆ: ನಿಲ್ಲು, ತಿದ್ದಿಕೊ. ಸರಿಯಾಗಿ ಹೇಳಿ ಮುಗಿಸಿದರೆ ಎರಡು ಏಟು: ಹೊರಡು, ಇನ್ನು ನಿನ್ನ ಉತ್ತರ ಹೇಳು. ಎರಡು ಏಟು ಬೀಳುವ ತನಕ ಉತ್ತರವಿಲ್ಲ. ಸೀಟಿ ಕೆಟ್ಟ ದಿನ ಕಂಡಕ್ಟರುಗಳು ಬಸ್ಸಿನ ತಗಡಿಗೆ ಹೀಗೆಯೇ ಬಡಿಯುವುದು.

ಇದು ಮಕ್ಕಳಾಟವೆಂದು ನಾನು ಸಮಿತಿಯಲ್ಲಿ ವಿರೋಧಿಸಿದೆ. ಗಂಟೆ ಇಟ್ಟುಕೊಂಡರೆ ಸಾಲದೇ ಎಂದೆ.

“ಗಂಟೆ ಒಡಿಯೋನು ಬ್ಯಾರೆಯವ್ನು ಸಾ. ಇಳಿಯೋರು ಇಳ್ದವ್ರೋ ಇಲ್ವೋ ಅವುನ್ಗೇನ್ ಗೊತ್ತು? ಇಳ್ದೋರೇ ತಟ್ಬೇಕು.”

ಮೊದಲ ದಿನವೇ ತಾಂಡವಪುರದವನು ಸಿಕ್ಕಿಬಿದ್ದ. ಶಾಲೆಗೆ ಮೊಬೈಲು ತರಬಹುದೇ ಎಂಬುದು ವಿಷಯ. ಎದುರಿನ ಹುಡುಗಿಯ ವಾದವನ್ನು ಅವನು ನಾಲ್ಕು ಬಗೆಯಲ್ಲಿ ಹೇಳಿದ. ನಾಲ್ಕು ಸಲವೂ ಅವಳದು ಒಂದೇ ಏಟು. ಐದನೆಯ ಸಲ ಅವನಿಗೆ ರೇಗಿತು.

“ಇವ್ಳು ಬೇಕೂಂತ ತಟ್ತಾವ್ಳೆ ಮಾವ!”

“ಬೇಕೂಂತ್ಲೇ ತಟ್ಲಿ ಕಣ್ಲಾ. ನೀನು ಕೇಳಿಸ್ಕೊಂಡು ಯೋಳು. ನಿಂಗೆ ನಿನ್ ಉತ್ರದ್ದೇ ಅರ್ಜೆಂಟು.”

ಇನ್ನು, ಬರೆಯಲು ಮನಸ್ಸಿಲ್ಲದ ಸಂಗತಿಗೆ ಬರುತ್ತೇನೆ. ಅದಿಲ್ಲದೆ ಈ ಚಿತ್ರ ಸುಳ್ಳಾಗುತ್ತದೆ.

ಅಂದು ಚರ್ಚೆ ನರಸೀಪುರದಲ್ಲಿ. ಮಕ್ಕಳು ಕಡಿಮೆಯಿರುವ ಹಳ್ಳಿಯ ಶಾಲೆಗಳನ್ನು ದೊಡ್ಡ ಶಾಲೆಯೊಂದಿಗೆ ವಿಲೀನ ಮಾಡಬೇಕೇ ಎಂಬುದು ವಿಷಯ. ಮೂಗೂರಿನ ಆಚೆಯ ಒಂದು ಸಣ್ಣ ಹಳ್ಳಿಯಿಂದ ಬಂದಿದ್ದ ಹುಡುಗಿ ಎದ್ದು ನಿಂತಳು. ಪಿಯುಸಿ ಓದುತ್ತಿದ್ದಳು, ಅವಳಿಗದು ಮೊದಲ ಸಭೆ. ಮನೆಯವರನ್ನು ಒಪ್ಪಿಸಲು ಕಂಡಕ್ಟರು ಮೂರು ಸಲ ಹೋಗಿದ್ದರೆಂದು ನನಗೆ ಆಮೇಲೆ ತಿಳಿಯಿತು. ತನ್ನೂರಿನ ಶಾಲೆ ಶುರುವಾದ ಇಸವಿಯನ್ನು ಹೇಳಿ, ಅದನ್ನು ಮೊದಲು ಕಟ್ಟಿದವರು ಊರಿನವರು, ಸರ್ಕಾರ ಬಂದದ್ದು ಆಮೇಲೆ ಎಂದಳು. ಮುಂದಿನ ಮಾತಿಗೆ ಬಾಯಿ ತೆರೆದಿದ್ದಳು.

ನಾನು ಎದ್ದುನಿಂತೆ. ಇಲಾಖೆಯ ಪಟ್ಟಿಯ ನಕಲು ನನ್ನ ಕೈಯಲ್ಲೇ ಇತ್ತು. “ಇಸವಿ ತಪ್ಪು. ಈ ಶಾಲೆ ಮಂಜೂರಾದದ್ದು ನೀನು ಹೇಳಿದ್ದಕ್ಕಿಂತ ಒಂಬತ್ತು ವರ್ಷ ಈಚೆಗೆ, ಸರ್ಕಾರದಿಂದಲೇ. ಗೊತ್ತಿಲ್ಲದ್ದನ್ನು ಹೇಳಬಾರದು” ಎಂದೆ.

ಅವಳು ನನ್ನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದಳು. “ನಮ್ಮಜ್ಜಿ ಹೇಳಿದ್ರು ಸಾರ್” ಎಂದಳು. ಯಾರೋ ನಕ್ಕರು. ಅವಳು ಕುಳಿತುಬಿಟ್ಟಳು. ಹಿಂದೆ ನಿಂತಿದ್ದ ಕಂಡಕ್ಟರರ ಕೈ ಆ ಕಾಣದ ಕಂಬಿಯ ಮೇಲಿತ್ತು.

ಮುಂದಿನ ತಿಂಗಳು ಅವಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. “ಏನಾದಳು ಆ ಹುಡುಗಿ?” ಎಂದು ಕೇಳಿದೆ.

“ಮಾತಾಡಕ್ ಓಗಿ ನಗುಸ್ಕೊಂಡ್ ಬಂದ್ಲು ಅಂತ ಮನೇಲಿ ಅಂತಾವ್ರೆ ಸಾ. ಕಾಲೇಜೂ ಸಾಕು ಅಂತಾವ್ರೆ. ಅವ್ಳು ಏನೂ ಅಂತಿಲ್ಲ. ನಾನ್ ಓದ್ರೆ ನೀರ್ ಕೊಟ್ಟು ಒಳೀಕ್ ಓಗ್ಬುಡ್ತಳೆ.”

ಅವರ ದನಿಯಲ್ಲಿ ದೂರು ಇರಲಿಲ್ಲ. ಬಸ್ಸು ತಡವಾಗಿದೆಯೆಂದು ಹೇಳುವವರ ದನಿ ಅದು.

ಆ ವರ್ಷದ ವರದಿಗೆ ಅಡಿಟಿಪ್ಪಣಿ ಬರೆಯುವಾಗ, ರೂಢಿಯಂತೆ, ನಾನು ಹೇಳಿದ್ದನ್ನೂ ಇನ್ನೊಮ್ಮೆ ಪರಿಶೀಲಿಸಬೇಕಾಯಿತು. ಅವಳಿಗಾಗಿ ಹೋದೆನೆಂದರೆ ಸುಳ್ಳಾದೀತು, ಅಡಿಟಿಪ್ಪಣಿಗಾಗಿ ಹೋದೆ. ಆ ಊರಿನ ಶಾಲೆಯ ಕಬ್ಬಿಣದ ಬೀರುವಿನಲ್ಲಿ, ಗೆದ್ದಲು ಅಂಚು ತಿಂದಿದ್ದ ಹಳೆಯ ದಾಖಲಾತಿ ಪುಸ್ತಕವೊಂದಿತ್ತು. ನನ್ನ ಪಟ್ಟಿಯ ಇಸವಿಗೆ ಒಂಬತ್ತು ವರ್ಷ ಮೊದಲಿನಿಂದಲೂ ಅದರಲ್ಲಿ ಮಕ್ಕಳ ಹೆಸರುಗಳಿದ್ದವು. ನನ್ನ ಬಳಿಯಿದ್ದದ್ದು ಸರ್ಕಾರ ಶಾಲೆಯನ್ನು ವಹಿಸಿಕೊಂಡ ವರ್ಷ. ಅಜ್ಜಿ ಹೇಳಿದ್ದು ಅದು ಹುಟ್ಟಿದ ವರ್ಷ. ಎರಡನ್ನೂ ಬೇರೆ ಮಾಡಿ ನೋಡಬೇಕೆಂಬುದು ನನ್ನ ವೃತ್ತಿಯ ಮೊದಲ ಪಾಠ. ಎಷ್ಟೋ ಜನಕ್ಕೆ ನಾನೇ ಕಲಿಸಿದ್ದೆ.

ನಂಜನಗೂಡಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಬಳಿ ಅವರಿಗೆ ಇದನ್ನು ಹೇಳಿದೆ. ವರದಿಯಲ್ಲಿ ತಿದ್ದುಪಡಿ ಹಾಕುತ್ತೇನೆ, ಅವಳಿಗೊಂದು ಕಾಗದವನ್ನೂ ಬರೆಯುತ್ತೇನೆ ಎಂದೆ.

ಅವರು ನಿಂತಿದ್ದ ಬಸ್ಸುಗಳತ್ತ ಕೈ ತೋರಿಸಿದರು.

“ಒಂದ್ ಸಲ ಒಂದ್ ಅಜ್ಜೀನ ಅರ್ಧ ದಾರೀಲಿ ಇಳ್ಸ್‌ಬುಟ್ಟೆ ಸಾ. ಟಿಕೆಟ್ ತಗಂಡಿವ್ನಿ ಅಂತದೆ, ಕೈಲಿಲ್ಲ. ಬಸ್ ತುಂಬ ಜನ. ನಂಗೂ ಬಿಸ್ಲು, ತಲೆ ಕೆಟ್ಟಿತ್ತು. ‘ಇಳಿ, ಸುಳ್ ಯೋಳ್ಬೇಡ’ ಅಂದೆ. ಡಿಪೋಲಿ ಗುಡ್ಸೋವಾಗ ಅದ್ರ ಟಿಕೆಟ್ಟು ಸೀಟ್ ಕೆಳ್ಗೇ ಬಿದ್ದದೆ.”

“ಆಮೇಲೆ?”

“ಮೂರ್ ದಿನ ಆ ಸ್ಟಾಪಲ್ಲಿ ಬಗ್ಗಿ ಬಗ್ಗಿ ನೋಡ್ದೆ. ನಾಕ್ನೇ ದಿನ ಅತ್ಕಂತು. ಬಸ್ ನಿಲ್ಸಿ ಯೋಳ್ದೆ: ‘ಈ ಅಜ್ಜಿ ಅವತ್ತು ಟಿಕೆಟ್ ತಗಂಡಿತ್ತು, ಸುಳ್ ಯೋಳ್ದೋನು ನಾನು’ ಅಂತ. ಅಜ್ಜಿ ಏನಂತು ಗೊತ್ತಾ? ‘ಅದಿರ್ಲಿ ಬುಡು, ಮೊದ್ಲು ಇವುನ್ ಎಬ್ಬುರ್ಸಿ ನಂಗ್ ಜಾಗ ಕೊಡ್ಸು’ ಅಂತು.”

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಹೇಳಿದರು: “ನಿಂತ್ಕಂಡ್ ಅಂದಿದ್ನ ಕಾಗ್ದುದಲ್ಲಿ ತಿದ್ದಕ್ಕಾಗಲ್ಲ ಸಾ. ನಿಮ್ ವರ್ದಿನ ನಕ್ಕೋರು ಓದ್ತರಾ?”

ಮುಂದಿನ ಸಭೆಯನ್ನು ಅವರು ಆ ಹುಡುಗಿಯ ಊರಿನ ಶಾಲೆಯ ಜಗಲಿಗೆ ಹಾಕಿಸಿದರು. ಸಮಿತಿಯವರು ದೂರವೆಂದಾಗ ಕಂಡಕ್ಟರು ಬಸ್ಸಿನ ಹೊತ್ತನ್ನೆಲ್ಲ ಬರೆದು ಮುಂದಿಟ್ಟರು. ಅಂದು ನಕ್ಕಿದ್ದವರನ್ನೂ ಮನೆ ಮನೆಗೆ ಹೋಗಿ ಕರೆತಂದರು. ಊರಿನವರೂ ಬಂದರು. ಹುಡುಗಿ ಬಂದಳು, ಮಾತನಾಡಲಿಕ್ಕಲ್ಲ, ಅಜ್ಜಿಯನ್ನು ಕೈಹಿಡಿದು ಕರೆತರಲಿಕ್ಕೆ. ಕಂಬದ ಮರೆಯ ಬೆಂಚಿನಲ್ಲಿ ಕುಳಿತಳು.

ನಾನು ಎದ್ದು, ದಾಖಲಾತಿ ಪುಸ್ತಕ ತೋರಿಸಿ, ತಪ್ಪು ನನ್ನದು, ಇಸವಿ ಅವಳು ಹೇಳಿದ್ದೇ ಸರಿ ಎಂದೆ. ಜನ ಚಪ್ಪಾಳೆ ತಟ್ಟಿದರು. ಮುಗಿಯಿತೆಂದುಕೊಂಡು ಕುಳಿತುಕೊಳ್ಳುವುದರಲ್ಲಿದ್ದೆ.

“ಕೂರಂಗಿಲ್ಲ ಸಾ,” ಎಂದರು ಕಂಡಕ್ಟರು ಹಿಂದಿನಿಂದ. “ರೂಲ್ಸು ನಿಮ್ಗೂ ಒಂದೆಯಾ. ಅವ್ಳ ಬೆಂಚಿಗೆ ಓಗಿ.”

ಹೋಗಿ ಹುಡುಗಿಯ ಪಕ್ಕದಲ್ಲಿ ಕುಳಿತೆ. ಅವಳ ವಾದವನ್ನು ಹೇಳತೊಡಗಿದೆ: ಈ ಶಾಲೆಯನ್ನು ಊರಿನವರು ಇಂಥ ಇಸವಿಯಲ್ಲಿ ಕಟ್ಟಿದರು, ಆದ್ದರಿಂದ ಮುಚ್ಚಬಾರದು.

ಬೆಂಚಿಗೆ ಒಂದು ಏಟು ಬಿತ್ತು. ಸಣ್ಣ ಏಟು.

ಬೇರೆ ಬಗೆಯಲ್ಲಿ ಹೇಳಿದೆ. ಮತ್ತೆ ಒಂದು ಏಟು. ಚೀಲದಿಂದ ಅಂದಿನ ಟಿಪ್ಪಣಿ ಪುಸ್ತಕವನ್ನು ತೆಗೆದೆ. ಅವಳ ಹೆಸರಿನ ಮುಂದೆ ಇಸವಿಯನ್ನು ಬರೆದು, ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ತಪ್ಪು’ ಎಂದು ಬರೆದಿದ್ದೆ. ಬೇರೇನೂ ಇರಲಿಲ್ಲ. ಅವಳ ವಾದವೇನೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿಸಿಕೊಂಡಿದ್ದೇ ಇಸವಿಯೊಂದನ್ನು.

“ನನಗೆ ಗೊತ್ತಿಲ್ಲಮ್ಮ,” ಎಂದೆ. “ನಾನು ಹೇಳಲು ಬಿಡಲಿಲ್ಲ. ಈಗ ಹೇಳುತ್ತೀಯಾ?”

ಅವಳು ಅಜ್ಜಿಯತ್ತ ನೋಡಿದಳು. ಅಜ್ಜಿ, “ಯೋಳು ಮತ್ತೆ, ಬಂದೂ ಬಂದು ಸುಮ್ಕೆ ಕುಂತಿಯಲ್ಲ,” ಎಂದಿತು.

ಅವಳು ಎದ್ದಳು. ಮೊದಲ ಎರಡು ವಾಕ್ಯ ಯಾರಿಗೂ ಕೇಳಿಸಲಿಲ್ಲ. “ಒಳೀಕ್ ತಳ್ಳು ಮಗ,” ಎಂದರು ಕಂಡಕ್ಟರು ಮೆಲ್ಲಗೆ.

“ನಾನು ಶಾಲೆ ಮುಚ್ಚಬಾರದು ಅಂತ ಹೇಳಕ್ಕೆ ಬಂದಿರ್ಲಿಲ್ಲ ಸಾರ್. ಎಂಟು ಮಕ್ಳು ಇದ್ದಾರೆ, ಒಬ್ರೇ ಟೀಚರ್ರು. ಮುಚ್ಚೋದೇ ಸರಿ ಇರ್ಬಹುದು. ಆದ್ರೆ ನಮ್ಮಜ್ಜಿ ಈ ಜಗಲಿಗೆ ಹೊಳೆಯಿಂದ ಕಲ್ಲು ಹೊತ್ತಿದ್ರು. ಸರ್ಕಾರ ಆಗ ಬಂದಿರ್ಲಿಲ್ಲ. ಈಗ ಬಂದು ಮುಚ್ಚೋವಾಗ ಅಜ್ಜೀನ ಒಂದ್ ಮಾತು ಕೇಳ್ಬೇಕಾ ಬೇಡ್ವಾ? ಕೇಳಿದ್ರೆ ಮುಚ್ಚಿ ಅಂತಾನೇ ಅಂದಾರೇನೋ. ಆದ್ರೆ ಯಾರೂ ಕೇಳ್ಲಿಲ್ಲ. ಇಸವಿ ಹೇಳಿದ್ದು ಅದಕ್ಕೆ.”

ಯಾರೂ ನಗಲಿಲ್ಲ. ನಾನು ಅದನ್ನು ಅವಳ ಪರವಾಗಿ ಹೇಳಿದೆ. ಹೊಳೆಯನ್ನು ಬಿಟ್ಟಿದ್ದೆ, ಒಂದು ಏಟು ಬಿತ್ತು, ಸೇರಿಸಿದೆ. ಅವಳು ಕೈಯನ್ನು ಬೆಂಚಿನ ಮೇಲೆ ಇಟ್ಟಳು. ಆಮೇಲೆ ಎರಡು ಏಟು ಹಾಕಿದಳು.

ಈಗ ನಾನು ಉತ್ತರ ಹೇಳಬಹುದಾಗಿತ್ತು. ಟಿಪ್ಪಣಿ ಪುಸ್ತಕವನ್ನು ಮುಚ್ಚಿ ಅಜ್ಜಿಯತ್ತ ತಿರುಗಿದೆ.

ಕಂಡಕ್ಟರು ಅಜ್ಜಿಯ ಮುಂದೆ ಬಂದು ಬಾಗಿ, “ಅವ್ವ, ನೀವೇನಂದೀರಿ? ಮುಚ್ಚದಾ, ಬುಡದಾ?” ಎಂದು ಕೇಳಿದರು.

“ಇದ್ಯಾಕಪ್ಪ ನನ್ ಕೇಳಿಯೆ?” ಎಂದಿತು ಅಜ್ಜಿ. ಬಾಯೊಳಗಿನ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಒತ್ತರಿಸಿತು. “ಐಕ್ಳಿಲ್ದ ಇಸ್ಕೂಲು ಯಾತುಕ್ಕೆ? ಮುಚ್ಕಳ್ಳಿ. ಈ ಜಗ್ಲಿ ಮಾತ್ರ ಕೀಳ್ಬೇಡಿ. ಕುಂತ್ಕಳಕ್ ಬೇಕು.”

ಮರುವರ್ಷದ ಜೂನಿನಲ್ಲಿ ಶಾಲೆ ವಿಲೀನವಾಯಿತು. ಆದೇಶದ ಪ್ರತಿಯನ್ನು ನಾನು ನೋಡಿದ್ದೇನೆ. ಅದರಲ್ಲಿ ಅಜ್ಜಿಯ ಮಾತಿಗೆ ಜಾಗವಿಲ್ಲ. ಜಗಲಿ ಇದೆ. ಹುಡುಗಿ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದಳು. ಎರಡು ವರ್ಷ ನಮ್ಮ ಚರ್ಚೆಗಳನ್ನು ನಡೆಸಿಕೊಟ್ಟಳು. ನಾನು ಪರಿಶೀಲಕನಾಗಿಯೇ ಉಳಿದೆ, ಆದರೆ ನನ್ನ ತಿದ್ದುಪಡಿಗಳನ್ನು ಚೀಟಿಯಲ್ಲಿ ಬರೆದು, ಮಾತು ಮುಗಿದ ಮೇಲೆ ಕೊಡತೊಡಗಿದೆ. ಬದಲಾದದ್ದು ಇಷ್ಟೇ, ಹೆಚ್ಚಾಗಿ ಹೇಳಿದರೆ ಸುಳ್ಳಾಗುತ್ತದೆ.

ಆಮೇಲೆ ಕಾರ್ಯಕ್ರಮಕ್ಕೆ ಬೆಂಬಲ ಕೊಡುತ್ತಿದ್ದವರು ಬೇರೆ ಕೆಲಸ ಹಿಡಿದರು. ಕೊನೆಯ ಸಭೆಗೆ ಹನ್ನೊಂದು ಜನ ಬಂದಿದ್ದರು. “ಇಂಗೇ ಸಾ,” ಎಂದರು ಅವರು, “ಜನ ಇಲ್ಲ ಅಂತ ರೂಟ್ ನಿಲ್ಲುಸ್ತರೆ. ರೂಟ್ ನಿಂತೋಯ್ತು ಅಂತ ಜನ ಬರದ್ನ ಬುಡ್ತರೆ.” ಅಂದು ಅವರು ಮೊದಲ ಸಲ ಬೆಂಚಿನ ಅಂಚಿಗೆ ಒರಗಿ ನಿಂತಿದ್ದರು. ಮಂಡಿನೋವೆಂದುಕೊಂಡೆವು. ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು.

ಮೊನ್ನೆ ಇದನ್ನು ಬರೆದು ಮುಗಿಸಿ, ದೇವನೂರಿನ ಹತ್ತಿರದ ಅವರ ಊರಿಗೆ ಹೋಗಿ, ಅವರ ಹೆಂಡತಿಗೆ ಓದಿಹೇಳಿದೆ. ಜಗಲಿಯಲ್ಲಿ ಕಂಡಕ್ಟರೇ ಎಲ್ಲಿಂದಲೋ ತಂದಿಟ್ಟಿದ್ದ ಹಳೆಯ ಶಾಲಾ ಬೆಂಚೊಂದಿದೆ. ನಾನು ಅದರ ಮೇಲೆ ಕುಳಿತಿದ್ದೆ. ಆಕೆ ನೆಲದ ಮೇಲೆ ಅವರೆಕಾಯಿ ಬಿಡಿಸುತ್ತ ಕೇಳಿದರು. ಬಸ್ಸಿನ ಅಜ್ಜಿಯ ಕತೆ ಬಂದಾಗ ಕೈ ನಿಂತಿತು.

“ಮೂರ್ ದಿನ ಅಂದ್ರಾ ನಿಮ್ಗೆ? ಅಯ್ಯೋ, ಸುಳ್ಳು. ರಜ ಆಕಂಡು ಎಂಟ್ ದಿನ ಅಳ್ಳಿ ಅಳ್ಳಿ ತಿರುಗವ್ರೆ ಆ ಮುದ್ಕೀನ ಉಡಿಕ್ಕಂಡು. ಅನ್ನ ಸೇರ್ತಿರ್ನಿಲ್ಲ. ಕಮ್ಮಿ ಮಾಡಿ ಯೋಳವ್ರೆ.”

ಯಾವ ವರ್ಷ, ಯಾವ ತಿಂಗಳು ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂತು. ಕೇಳಲಿಲ್ಲ. ಮೇಲೆ ಬರೆದದ್ದನ್ನು ತಿದ್ದಿಲ್ಲ. ಅವರು ನನಗೆ ಹೇಳಿದ್ದು ಮೂರು ದಿನವೆಂದೇ. ಆಕೆಯ ಮಾತನ್ನು ಇಲ್ಲಿ ಅದರ ಜೊತೆಗಿಟ್ಟಿದ್ದೇನೆ.

“ಉಳಿದದ್ದು ಸರಿಯಿದೆಯೇ?” ಎಂದೆ.

“ನಂಗೇನ್ ಗೊತ್ತು ಸಾ? ಅವ್ರ ಮಾತು. ಅವ್ರೇ ಯೋಳ್ಬೇಕು.”

ಆಕೆ ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಹಾಳೆಗಳನ್ನು ಬೆಂಚಿನ ಮೇಲೆ ಜೋಡಿಸಿಟ್ಟೆ. ಎರಡು ಏಟು ಹಾಕಬೇಕಾದವರು ಇರಲಿಲ್ಲ. ಆಮೇಲೆ ಒಳಗಿನಿಂದ ಆಕೆಯ ದನಿ ಬಂತು: “ಎದ್ದೇಳಿ ಸಾ, ಬಸ್ಸಿನ್ ಒತ್ತಾಯ್ತು. ಇದ್ ಬುಟ್ರೆ ನಾಳೆ ಬೆಳಗ್ಗೇನೇ.”